ಓದುಗರ ಪ್ರಶ್ನೆ: ಎಸ್ಟಿಮೇಟ್ ಸಾಫ್ಟ್‌ವೇರ್‌ಗೆ ದುಡ್ಡು ಕಟ್ಟುವ ಮುನ್ನ

ಪ್ರಶ್ನೆ: ತುಮಕೂರಿನಲ್ಲಿ ನಮ್ಮದು ಟಿಂಕರಿಂಗ್-ಪೇಂಟಿಂಗ್ ಗ್ಯಾರೇಜು. ತಿಂಗಳಿಗೆ ಇಪ್ಪತ್ತೈದು ಮೂವತ್ತು ಆಕ್ಸಿಡೆಂಟ್ ಕಾರು ಬರುತ್ತವೆ, ಅರ್ಧಕ್ಕಿಂತ ಹೆಚ್ಚು ಇನ್ಶೂರೆನ್ಸ್ ಕೆಲಸ. ಎಸ್ಟಿಮೇಟ್ ಎಕ್ಸೆಲ್‌ನಲ್ಲೇ ಹಾಕುತ್ತೇವೆ. ಇನ್ಶೂರೆನ್ಸ್ ಕಂಪನಿಗಾಗಿ ನಷ್ಟ ಅಳೆಯುವ ಸರ್ವೇಯರ್ ಪಾಸು ಮಾಡುವ ಮೊತ್ತಕ್ಕೂ ನಾವು ಹೇಳಿದ್ದಕ್ಕೂ ಯಾವಾಗಲೂ ವ್ಯತ್ಯಾಸ, ಕೊನೆಗೆ ಗಿರಾಕಿಯ ಜೊತೆ ಜಗಳ. ಅಮೆರಿಕದ ಸಾಫ್ಟ್‌ವೇರ್ ತಗೊಳ್ಳಿ ಅಂತ ಒಬ್ಬರು, ಇಲ್ಲಿಯದೇ ಸಾಕು ಅಂತ ಇನ್ನೊಬ್ಬರು. ಯಾವುದು ಸರಿ?

ಉತ್ತರ: ಅಮೆರಿಕದ್ದು ನಿಮಗೆ ಬೇಡ. ಸಿಸಿಸಿ, ಮಿಚೆಲ್ ಮುಂತಾದವುಗಳ ಬಂಡವಾಳವೇ ಗಂಟೆಯ ಲೆಕ್ಕ: ಆ ಮಾಡೆಲ್‌ನ ಬಾಗಿಲು ಬಿಚ್ಚಿ ಕೂರಿಸಲು ಇಷ್ಟು ಹೊತ್ತು, ಅದನ್ನು ಗಂಟೆಯ ದರಕ್ಕೆ ಗುಣಿಸಿದರೆ ಲೇಬರ್. ನಿಮ್ಮಲ್ಲಿ ನಡೆಯುವುದು ಪ್ಯಾನೆಲ್‌ಗೆ ಇಷ್ಟು ಎಂಬ ಪೇಂಟಿಂಗ್ ದರ, ಅದರ ಮೇಲೆ ಡೆಂಟಿಂಗ್ ಮತ್ತು ಬಿಚ್ಚಿ-ಕೂರಿಸುವ ಕೂಲಿ. ಅಲ್ಲಿನ ಗಂಟೆಗಳನ್ನು ಇಟ್ಟುಕೊಂಡು ಇಲ್ಲಿನ ಸರ್ವೇಯರ್ ಹತ್ತಿರ ವಾದ ಮಾಡಲಾಗದು.

ನಿಮ್ಮ ಜಗಳದ ಮೂಲ ಬಹುಶಃ ಡಿಪ್ರಿಸಿಯೇಷನ್, ಅಂದರೆ ಹೊಸ ಭಾಗದ ಬೆಲೆಯಲ್ಲಿ ಸವಕಳಿ ಎಂದು ಕಂಪನಿ ಕಡಿದು ಗಿರಾಕಿಗೆ ಬಿಡುವ ಪಾಲು. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ನೈಲಾನ್, ಟೈರ್, ಬ್ಯಾಟರಿ, ಏರ್‌ಬ್ಯಾಗ್‌ಗೆ ಶೇ 50, ಫೈಬರ್‌ಗ್ಲಾಸ್‌ಗೆ ಶೇ 30, ಗಾಜಿಗೆ ಸೊನ್ನೆ. ಲೋಹದ ಭಾಗಕ್ಕೆ ಗಾಡಿಯ ವಯಸ್ಸು ನೋಡಬೇಕು: ಆರು ತಿಂಗಳವರೆಗೆ ಇಲ್ಲ, ಒಂದು ವರ್ಷದವರೆಗೆ ಶೇ 5, ಎರಡರವರೆಗೆ 10, ಮೂರರವರೆಗೆ 15, ನಾಲ್ಕರವರೆಗೆ 25, ಐದರವರೆಗೆ 35, ಹತ್ತರವರೆಗೆ 40, ಆಮೇಲೆ 50. ಪೇಂಟಿಂಗ್ ಬಿಲ್ಲಿನಲ್ಲಿ ಮೆಟೀರಿಯಲ್ ಬೇರೆ ತೋರಿಸದಿದ್ದರೆ ಒಟ್ಟು ಮೊತ್ತದ ಶೇ 25ನ್ನು ಮೆಟೀರಿಯಲ್ ಎಂದು ಹಿಡಿದು, ಅದರಲ್ಲಿ ಅರ್ಧ ಮಾತ್ರ ಕಡಿತ. ಸಾಫ್ಟ್‌ವೇರ್ ಎಡವಬಹುದಾದ ಜಾಗ ಇದು: ಇಡೀ ಪೇಂಟಿಂಗ್‌ಗೆ ಶೇ 50 ಕಡಿದುಬಿಡಬಹುದು.

ಡೆಮೊ ತೋರಿಸಲು ಬಂದವರ ಮುಂದೆ ಈ ಲೆಕ್ಕ ಇಡಿ. ಮೂರು ವರ್ಷ ನಾಲ್ಕು ತಿಂಗಳ, 1,200 ಸಿಸಿ ಕಾರು, ಝೀರೋ ಡೆಪ್ (ಈ ಕಡಿತ ತಪ್ಪಿಸುವ ಹೆಚ್ಚುವರಿ ಕವರ್) ಇಲ್ಲ. ತೆರಿಗೆ ಬಿಟ್ಟು ಬಂಪರ್ 3,000, ಫೆಂಡರ್ 4,000, ಮುಂದಿನ ಗಾಜು 6,000, ಎರಡು ಪ್ಯಾನೆಲ್ ಪೇಂಟಿಂಗ್ 8,000. ಕಡಿತ: ಬಂಪರ್‌ಗೆ 1,500, ಫೆಂಡರ್‌ಗೆ 1,000, ಗಾಜಿಗೆ ಇಲ್ಲ, ಪೇಂಟಿಂಗ್‌ಗೆ 1,000. ಒಟ್ಟು 3,500, ಶೇ 18 ಜಿಎಸ್‌ಟಿ ಸೇರಿದರೆ 4,130. 1,500 ಸಿಸಿವರೆಗಿನ ಕಾರಿಗೆ ಕಡ್ಡಾಯ ಡಿಡಕ್ಟಿಬಲ್ (ಪ್ರತಿ ಕ್ಲೇಮಿನಲ್ಲೂ ಗಿರಾಕಿಯೇ ಭರಿಸುವ ಮೊತ್ತ) 1,000. ಗಿರಾಕಿ ಕೊಡಬೇಕಾದ್ದು 5,130. ಪರದೆಯ ಮೇಲೆ ಬೇರೆ ಅಂಕಿ ಬಂದರೆ ಯಾವ ಸಾಲಿನಲ್ಲಿ ತಪ್ಪಿದೆ ಎಂದು ಅವರಿಂದಲೇ ಹುಡುಕಿಸಿ. ವಯಸ್ಸನ್ನು ಅಪಘಾತದ ದಿನಕ್ಕೆ ಎಣಿಸುತ್ತದೆಯೋ ಎಸ್ಟಿಮೇಟ್ ದಿನಕ್ಕೋ ಎಂಬುದನ್ನೂ ನೋಡಿ. ಅಪಘಾತದ ದಿನವೇ ಸರಿ. ಗಾಡಿ ಶೆಡ್ಡಿನಲ್ಲಿ ನಿಂತಿದ್ದಾಗ ನಾಲ್ಕು ವರ್ಷ ತುಂಬಿತೆಂದು 25 ಇದ್ದದ್ದು 35 ಆಗಬಾರದು.

ಎಡವುವ ಇನ್ನೊಂದು ಜಾಗ ಎಂಆರ್‌ಪಿ. ಪೊಟ್ಟಣದ ಮೇಲಿನ 3,540ರಲ್ಲಿ ತೆರಿಗೆ ಸೇರಿಯೇ ಇದೆ, ಮೂಲ ಬೆಲೆ 3,000. ಹುಡುಗರು 3,540 ಒತ್ತಿ, ಸಾಫ್ಟ್‌ವೇರ್ ಮತ್ತೆ ಶೇ 18 ಸೇರಿಸಿದರೆ ತೆರಿಗೆಯ ಮೇಲೆ ತೆರಿಗೆ. ‘ಎಂಆರ್‌ಪಿ ತೆರಿಗೆ ಸಹಿತ’ ಎಂಬ ಆಯ್ಕೆ ಇರಲೇಬೇಕು. ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28ರ ಬದಲು 18 ಆಗಿದೆ. ಪಾರ್ಟ್ಸ್ ಪಟ್ಟಿಯಲ್ಲಿ ಎಲ್ಲಾದರೂ ಹಳೆ 28 ಉಳಿದಿದ್ದರೆ ಆ ಪಟ್ಟಿ ಅಪ್‌ಡೇಟ್ ಆಗುತ್ತಿಲ್ಲ ಎಂದೇ ಅರ್ಥ, ಬೆಲೆಗಳನ್ನೂ ನಂಬಬೇಡಿ.

ಪ್ರಶ್ನೆ: ಗಾಡಿ ಬಿಚ್ಚಿದ ಮೇಲೆ ಒಳಗಿನ ಡ್ಯಾಮೇಜ್ ಕಾಣುತ್ತದೆ. ಎಸ್ಟಿಮೇಟ್ ತಿದ್ದಿ ಮತ್ತೆ ಕಳಿಸಿದರೆ ಸರ್ವೇಯರ್ ಒಪ್ಪುವುದಿಲ್ಲ. ಇದಕ್ಕೆ ಸಾಫ್ಟ್‌ವೇರ್‌ನಲ್ಲಿ ದಾರಿ ಇದೆಯೇ? (ಹುಬ್ಬಳ್ಳಿಯ ಓದುಗರು)

ಉತ್ತರ: ತಿದ್ದಬಾರದು, ಸಪ್ಲಿಮೆಂಟರಿ ಹಾಕಬೇಕು. ಮೊದಲ ಎಸ್ಟಿಮೇಟ್ ಕಳಿಸಿದ ಕ್ಷಣಕ್ಕೆ ಲಾಕ್ ಆಗಬೇಕು. ಬಂಪರ್ ತೆಗೆದಾಗ ಸಿಕ್ಕ ಮುರಿದ ಬ್ರಾಕೆಟ್, ಬಗ್ಗಿದ ರೇಡಿಯೇಟರ್ ಸಪೋರ್ಟ್ ಬೇರೆ ನಂಬರು, ತಾರೀಕಿನೊಂದಿಗೆ ಎರಡನೆಯ ಹಾಳೆಯಾಗಿ ಹೋಗಬೇಕು. ಪ್ರತಿ ಸಾಲಿಗೂ ಅದರದೇ ಫೋಟೊ ಅಂಟುವಂತಿರಲಿ. ಭಾಗ ಗಾಡಿಯಲ್ಲೇ ಇರುವಾಗ ಒಂದು, ಬಿಚ್ಚಿ ನೆಲಕ್ಕಿಟ್ಟಾಗ ಒಂದು. ಎರಡನೆಯದನ್ನು ಮಾತ್ರ ಕಳಿಸಿದರೆ ಅದು ಯಾವ ಗಾಡಿಯದು ಎಂಬ ಪ್ರಶ್ನೆ ಬಂದೇ ಬರುತ್ತದೆ. ನಾವು ಕೇಳಿದ್ದು, ಸರ್ವೇಯರ್ ಒಪ್ಪಿದ್ದು, ಬಿಲ್ ಆದದ್ದು ಎಂಬ ಮೂರು ಕಾಲಂ ಒಂದೇ ಪರದೆಯಲ್ಲಿ ಕಾಣದ ಸಾಫ್ಟ್‌ವೇರ್ ನಮ್ಮ ಮಟ್ಟಿಗೆ ಬರೀ ಟೈಪ್‌ರೈಟರ್.

ಬಿಲ್ ಹಂತದಲ್ಲಿ ಇನ್ಶೂರೆನ್ಸ್ ಕಂಪನಿಯ ಪಾಲಿಗೊಂದು, ಗಿರಾಕಿಯ ಪಾಲಿಗೊಂದು ಎಂದು ಎರಡು ಇನ್‌ವಾಯ್ಸ್ ಒಡೆಯಲು ಬರುತ್ತದೆಯೇ ಎಂದೂ ಕೇಳಿ. ಕಂಪನಿಯವರಿಗೆ ತಮ್ಮ ಪಾಲಿನ ತೆರಿಗೆ ಕ್ರೆಡಿಟ್ ಬೇಕಿರುತ್ತದೆ, ಆ ಬಿಲ್ಲಿನಲ್ಲಿ ಅವರ ಜಿಎಸ್‌ಟಿ ನಂಬರು ಇರಬೇಕು.

ಪ್ರಶ್ನೆ: ನಮ್ಮಲ್ಲಿ ಬರೀ ಗೂಡ್ಸ್ ಟೆಂಪೊ, ಲಾರಿ. ಕಾರಿನ ಸಾಫ್ಟ್‌ವೇರ್ ನಡೆಯುತ್ತದೆಯೇ? (ದಾವಣಗೆರೆಯ ಓದುಗರು)

ಉತ್ತರ: ಐಎಂಟಿ 23 (ಪಾಲಿಸಿಗೆ ಸೇರಿಸುವ ಒಂದು ಹೆಚ್ಚುವರಿ ಷರತ್ತು, ಅಂದರೆ ಎಂಡಾರ್ಸ್‌ಮೆಂಟ್) ಗೊತ್ತಿರುವ ಸಾಫ್ಟ್‌ವೇರ್ ಆದರೆ ಮಾತ್ರ. ಕಮರ್ಷಿಯಲ್ ಗಾಡಿಯಲ್ಲಿ ಲ್ಯಾಂಪ್, ಬಂಪರ್, ಮಡ್‌ಗಾರ್ಡ್, ಬಾನೆಟ್‌ನ ಪಕ್ಕದ ಭಾಗ, ಪೇಂಟಿಂಗ್ ಇವು ಈ ಎಂಡಾರ್ಸ್‌ಮೆಂಟ್‌ಗೆ ಹೆಚ್ಚಿನ ಪ್ರೀಮಿಯಂ ಕಟ್ಟಿದ್ದರಷ್ಟೇ ಸಿಗುತ್ತವೆ. ಸಿಕ್ಕರೂ ಅಸೆಸ್ ಆದ ಮೊತ್ತದ ಅರ್ಧ ಮಾಲೀಕರದು. ಹಾಗಾಗಿ ಆ ಐಟಂಗಳಿಗೆ ಬೇರೆ ಗುರುತು ಹಾಕಲು ಬರಬೇಕು. ಇಲ್ಲದಿದ್ದರೆ ಎಕ್ಸೆಲ್‌ನಲ್ಲೇ ಒಂದು ಕಾಲಂ ಹೆಚ್ಚಿಗೆ ಎಳೆದುಕೊಳ್ಳಿ, ದುಡ್ಡು ಉಳಿಯುತ್ತದೆ.