ದೇವರ ರಾಜ್ಯ ಅಂದರೆ ಸತ್ತ ಮೇಲೆ ಸಿಗುವ ಸ್ವರ್ಗವಾ? ಕ್ರೈಸ್ತರ ದಿನದ ಬದುಕಿನಲ್ಲಿ ಅದಕ್ಕೇನು ಅರ್ಥ?

ನೀವು ಶಿರಸಿಯಿಂದ ಕೇಳಿದ್ದೀರಿ: ಪಕ್ಕದ ಮನೆಯ ಕ್ರೈಸ್ತರು ಸಂಜೆ ಪ್ರಾರ್ಥನೆಯಲ್ಲಿ ‘ನಿಮ್ಮ ರಾಜ್ಯ ಬರಲಿ’ ಅನ್ನುತ್ತಾರಲ್ಲ, ಅದು ಸತ್ತ ಮೇಲೆ ಸಿಗುವ ಸ್ವರ್ಗದ ಮಾತಾ? ಬದುಕಿರುವಾಗ ಅದರಿಂದ ಏನಾಗುತ್ತದೆ? ಕ್ರೈಸ್ತರಲ್ಲದ ನಮ್ಮಂಥವರಿಗೆ ಅದರಲ್ಲಿ ಜಾಗ ಇದೆಯಾ?

ನಾನು ಕಾರವಾರದ ಕಥೋಲಿಕ. ಬೈತಖೋಲ ಬಂದರಿನಲ್ಲಿ ಮೀನುಗಾರಿಕೆ ಬೋಟುಗಳ ಲೆಕ್ಕ ಬರೆಯುತ್ತೇನೆ. ಹಾಗಾಗಿ ನನ್ನ ಉತ್ತರದಲ್ಲಿ ಮೀನು, ದುಡ್ಡು ಎರಡೂ ಬರುತ್ತವೆ. ಯೇಸುವಿನ ಮಾತಿನಲ್ಲೂ ಅವು ತುಂಬಾ ಸಲ ಬಂದಿವೆ.

ದೇವರ ರಾಜ್ಯ ಅಂದರೆ ದೇವರ ಮಾತು ನಡೆಯುವ ಕಡೆ. ಆ ಪ್ರಾರ್ಥನೆಯ ಮುಂದಿನ ಸಾಲೇ ಅದನ್ನು ಬಿಡಿಸಿ ಹೇಳುತ್ತದೆ: ನಿಮ್ಮ ಚಿತ್ತ ಸ್ವರ್ಗದಲ್ಲಿ ನೆರವೇರುವಂತೆ ಭೂಮಿಯಲ್ಲೂ ನೆರವೇರಲಿ. ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಅಂತ ನಾವು ಅದರಲ್ಲಿ ಕೇಳುವುದಿಲ್ಲ. ಅದು ಇಲ್ಲಿಗೆ ಬರಲಿ ಅಂತ ಕೇಳುತ್ತೇವೆ. ಯೇಸು ಗಲಿಲಾಯದಲ್ಲಿ ಬೋಧನೆ ಶುರು ಮಾಡಿದಾಗಲೂ, ದೇವರ ರಾಜ್ಯ ಹತ್ತಿರ ಬಂದಿದೆ, ಮನಸ್ಸು ತಿರುಗಿಸಿಕೊಳ್ಳಿ ಅಂದರು. ಸತ್ತ ಮೇಲಿನ ಬದುಕನ್ನೂ ನಾವು ನಂಬುತ್ತೇವೆ. ಆದರೆ ರಾಜ್ಯ ಶುರುವಾಗಲು ಸಾವಿನವರೆಗೆ ಕಾಯಬೇಕಾಗಿಲ್ಲ.

ನನ್ನ ಕೆಲಸದಿಂದಲೇ ಹೇಳುತ್ತೇನೆ. ಬೋಟು ಬಂದ ಮೇಲೆ ಮೀನು ಹರಾಜಾಗುತ್ತದೆ. ಬಂದ ದುಡ್ಡಿನಲ್ಲಿ ಡೀಸೆಲ್, ಐಸ್, ರೇಷನ್ ಖರ್ಚು ಮೊದಲು ಕಳೆಯುತ್ತೇವೆ. ಉಳಿದದ್ದರಲ್ಲಿ ಮಾಲೀಕರಿಗಿಷ್ಟು, ಕೆಲಸದವರಿಗಿಷ್ಟು ಅಂತ ಪಾಲು. ಕೆಲಸದವರಲ್ಲಿ ಒಡಿಶಾ, ಜಾರ್ಖಂಡ್ ಕಡೆಯ ಹುಡುಗರೂ ಇದ್ದಾರೆ. ಕನ್ನಡದಲ್ಲಿ ಬರೆದ ಚೀಟಿ ಅವರಿಗೆ ಓದಲು ಬರುವುದಿಲ್ಲ. ಡೀಸೆಲ್ ಸಾಲಿನಲ್ಲಿ ಸ್ವಲ್ಪ ಜಾಸ್ತಿ ಬರೆದರೆ ಯಾರು ಕೇಳುತ್ತಾರೆ? ಆ ಹೊತ್ತಿನಲ್ಲಿ ನನ್ನ ಪೆನ್ನು ಯಾರ ಮಾತು ಕೇಳುತ್ತದೆ ಅನ್ನುವುದೇ ನನಗೆ ದೇವರ ರಾಜ್ಯದ ಪ್ರಶ್ನೆ. ಬಡ ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕು ಅಂತ ಬೈಬಲಿನ ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿದೆ. ಅವನು ನಿಮ್ಮವನಾದರೂ ಸರಿ, ಪರದೇಶದವನಾದರೂ ಸರಿ ಅಂತ ಅಲ್ಲೇ ಹೇಳಿದೆ. ಭಾನುವಾರ ಪೂಜೆಗೆ ಹೋಗಿ ಹಾಡುವುದಕ್ಕಿಂತ ಆ ಚೀಟಿಯ ಮುಂದೆ ಆ ಪ್ರಾರ್ಥನೆ ಜಾಸ್ತಿ ಭಾರವಾಗುತ್ತದೆ.

ಇನ್ನು ಸಾಲದ ವಿಷಯ. ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯಬೇಕು, ಯಾಕೆಂದರೆ ನನ್ನನ್ನು ಅತಿ ಹೆಚ್ಚು ಅಲುಗಾಡಿಸಿದ ಕಥೆ ಇದು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆ ಮಳೆಗಾಲದಲ್ಲಿ ಕೈಗಡ ಏರುತ್ತಾ ಹೋಗುತ್ತದೆ. ವಾಪಸ್ ಕೊಡದವರು, ಕೊಟ್ಟಿದ್ದೇನೆ ಅನ್ನುವವರು, ಅದರಿಂದ ಮಾತು ಬಿಟ್ಟ ಅಣ್ಣತಮ್ಮಂದಿರು, ಎಲ್ಲಾ ಇದ್ದಾರೆ. ಬೈಬಲಿನಲ್ಲಿ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸುವಿನ ಶಿಷ್ಯ ಪೇತ್ರ ಕೇಳುತ್ತಾನೆ, ತಪ್ಪು ಮಾಡಿದವನನ್ನು ಎಷ್ಟು ಸಲ ಕ್ಷಮಿಸಲಿ, ಏಳು ಸಲವಾ? ಉತ್ತರಕ್ಕೆ ಯೇಸು ಒಬ್ಬ ರಾಜನ ಲೆಕ್ಕಪತ್ರದ ಕಥೆ ಹೇಳುತ್ತಾರೆ. ಒಬ್ಬ ಆಳು ರಾಜನಿಗೆ 10,000 ತಲಾಂತು ಕೊಡಬೇಕಿತ್ತು. ರಾಜ ಮರುಗಿ ಎಲ್ಲವನ್ನೂ ಬಿಟ್ಟುಬಿಟ್ಟ. ಅದೇ ಆಳು ಹೊರಗೆ ಬಂದು, ತನಗೆ 100 ದಿನಾರಿ ಕೊಡಬೇಕಿದ್ದ ಜೊತೆಯವನ ಕುತ್ತಿಗೆ ಹಿಡಿದ.

ಒಂದು ದಿನಾರಿ ಅಂದರೆ ಆಗಿನ ಕಾಲದ ಒಂದು ದಿನದ ಕೂಲಿ. ಒಂದು ತಲಾಂತು ಸುಮಾರು 6,000 ದಿನಾರಿ. ಹಾಗಾದರೆ ಆ ಆಳಿನ ಸಾಲ 6 ಕೋಟಿ ದಿನದ ಕೂಲಿ. ಒಂದು ದಿನವೂ ರಜೆ ಇಲ್ಲದೆ ದುಡಿದರೂ 1,60,000 ವರ್ಷಕ್ಕೂ ಮೇಲೆ ಬೇಕು. ತೀರಿಸುವ ಮಾತೇ ಇಲ್ಲ. ಆದರೆ 100 ದಿನದ ಕೂಲಿಯೂ ಸಣ್ಣ ಮೊತ್ತವಲ್ಲ ನೋಡಿ. ಮೂರು ತಿಂಗಳು ದಾಟಿದ ದುಡಿಮೆ ಅದು. ನಿಮಗಾದ ನೋವು ಏನೂ ಅಲ್ಲ ಅಂತ ಯೇಸು ಎಲ್ಲೂ ಹೇಳುವುದಿಲ್ಲ. ನಿಮಗೆ ಬಿಟ್ಟುಕೊಟ್ಟದ್ದು ಎಷ್ಟು ಅಂತ ಮೊದಲು ಕೂಡಿಸಿ ನೋಡಿ ಅನ್ನುತ್ತಾರೆ, ಅಷ್ಟೇ. ನನಗೆ ಬರಬೇಕಾದ ದುಡ್ಡಿನ ಮೇಲೆ ಸಿಟ್ಟು ಏರಿದಾಗ ನಾನು ಈ ಲೆಕ್ಕವನ್ನು ಮನಸ್ಸಿನಲ್ಲಿ ಮತ್ತೆ ಹಾಕುತ್ತೇನೆ. ಸಿಟ್ಟು ಪೂರ್ತಿ ಹೋಗದಿದ್ದರೂ, ಎದುರಿನವನ ಜೊತೆ ಮಾತಾಡುವಷ್ಟು ಇಳಿಯುತ್ತದೆ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಬಿಟ್ಟುಕೊಡಬಹುದಾದದ್ದು ನನಗೆ ಬರಬೇಕಾದ್ದನ್ನು ಮಾತ್ರ. ಬೇರೆಯವರ ಕೂಲಿ ಉಳಿಸಿಕೊಂಡು, ‘ಕ್ಷಮಿಸಿಬಿಡಪ್ಪಾ’ ಅಂದರೆ ಅದು ಮೋಸ. ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸಿಗೆ ‘ಕ್ಷಮಿಸಿ ಹೊಂದಿಕೊಂಡು ಹೋಗಮ್ಮಾ’ ಅಂತ ದೇವರ ಹೆಸರಿನಲ್ಲಿ ಹೇಳುವವರನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ. ಜಕ್ಕಾಯ ಅನ್ನುವ ಸುಂಕದ ಅಧಿಕಾರಿ, ಯೇಸು ತಾನಾಗಿಯೇ ತನ್ನ ಮನೆಗೆ ಬಂದಾಗ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದ. ಯೇಸು ಆ ಮಾತಿಗೇ, ಇವತ್ತು ಈ ಮನೆಗೆ ರಕ್ಷಣೆ ಬಂತು ಅಂದರು.

ಕಾರವಾರದ ಕಡಲತೀರದಲ್ಲಿ ರಂಪಣಿ ಬಲೆ ಎಳೆಯುವುದನ್ನು ನೀವು ನೋಡಿದ್ದರೆ ಇನ್ನೊಂದು ಕಥೆ ಸುಲಭವಾಗಿ ಅರ್ಥವಾಗುತ್ತದೆ. ದೋಣಿಯಲ್ಲಿ ಬಲೆಯನ್ನು ಅರ್ಧ ಸುತ್ತು ಬಿಟ್ಟು ಬಂದು, ಎರಡೂ ತುದಿಯ ಹಗ್ಗ ಹಿಡಿದು ಊರವರೆಲ್ಲಾ ದಡದಿಂದ ಎಳೆಯುತ್ತಾರೆ. 1970ರ ದಶಕದಲ್ಲಿ ಪರ್ಸಿನ್ ಬೋಟುಗಳು (ಮೀನಿನ ಗುಂಪನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಯಾಂತ್ರಿಕ ಬೋಟುಗಳು) ಬಂದ ಮೇಲೆ ರಂಪಣಿ ಕಡಿಮೆಯಾಯಿತು, ಪೂರ್ತಿ ನಿಂತಿಲ್ಲ. ದೇವರ ರಾಜ್ಯ ಇಂಥ ಎಳೆಬಲೆಯ ಹಾಗೆ ಅಂತ ಯೇಸು ಹೇಳಿದ್ದಾರೆ. ಎಲ್ಲಾ ತರದ್ದೂ ಒಳಗೆ ಬರುತ್ತದೆ. ಬಂಗಡೆ, ತಾರ್ಲೆ, ಏಡಿ, ಜೆಲ್ಲಿಮೀನು, ಕಸ. ದಡಕ್ಕೆ ಬಂದ ಮೇಲೆ ಕೂತು ಆರಿಸುತ್ತಾರೆ. ಕೊನೆಯ ದಿನ ಆ ಆರಿಸುವ ಕೆಲಸ ದೇವದೂತರದ್ದು ಅಂತ ಅವರು ಸ್ಪಷ್ಟವಾಗಿ ಹೇಳುತ್ತಾರೆ. ಬಲೆ ಇನ್ನೂ ನೀರಿನಲ್ಲಿರುವಾಗಲೇ ಇವನು ಒಳ್ಳೆಯವನು, ಇವನು ಕೆಟ್ಟವನು, ಇವನು ನಮ್ಮವನಲ್ಲ ಅಂತ ಬೇರೆ ಮಾಡಲು ನಮಗೆ ಅಧಿಕಾರ ಇಲ್ಲ.

ಈ ವಿಷಯದಲ್ಲಿ ನಾವು ಕ್ರೈಸ್ತರು ಹಿಂದೆ ಇದ್ದೇವೆ. 1976ರಲ್ಲಿ ಬೆಳಗಾವಿಯಿಂದ ಬೇರೆಯಾದ ನಮ್ಮ ಕಾರವಾರ ಧರ್ಮಪ್ರಾಂತ್ಯದಲ್ಲಿ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಪ್ರದೇಶದಲ್ಲಿ, ಕರಾವಳಿಯ ಕೊಂಕಣಿಯವರಿದ್ದಾರೆ, ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿಯರಿದ್ದಾರೆ. ಎಲ್ಲರಿಗೂ ಒಂದೇ ಪ್ರಸಾದ. ಆದರೆ ಮದುವೆ ಮಾತು ಬಂದ ಕೂಡಲೇ ಜಾತಿ ಕೇಳುವುದು ನಮ್ಮಲ್ಲಿ ಹೋಗಿಲ್ಲ. ಆ ಮಾತು ನಡೆಯುವ ಜಗಲಿಯಲ್ಲಿ ದೇವರ ರಾಜ್ಯ ಇಲ್ಲ. ಮನೆ ಕ್ರೈಸ್ತರದ್ದೇ ಆಗಿರಲಿ, ಗೋಡೆಯ ಮೇಲೆ ಶಿಲುಬೆಯೂ ಇರಲಿ. ಇದನ್ನು ಹೇಳಲು ನನಗೆ ದುಃಖವಾಗುತ್ತದೆ.

ಹಾಗಾದರೆ ರಾಜ್ಯ ಬಂದಿದೆಯಾ, ಇಲ್ಲವಾ? ಎರಡೂ ಹೌದು. ಶುರುವಾಗಿದೆ, ಪೂರ್ತಿಯಾಗಿಲ್ಲ. ನಾವೇ ಕಟ್ಟಿ ಮುಗಿಸುತ್ತೇವೆ ಅಂತ ನಾನು ನಂಬುವುದಿಲ್ಲ. ಮುಗಿಸುವವರು ದೇವರು. ಕತ್ತಿ ಹಿಡಿದು, ಓಟು ಎಣಿಸಿ, ಜನರನ್ನು ಲೆಕ್ಕ ಹಾಕಿ ತರುವಂಥದ್ದೂ ಅದಲ್ಲ. ನನ್ನ ರಾಜ್ಯ ಈ ಲೋಕದ್ದಲ್ಲ ಅಂತ ರೋಮನ್ ಅಧಿಪತಿ ಪಿಲಾತನ ಎದುರು ಯೇಸು ಹೇಳಿದ್ದು ಅದಕ್ಕೇ ಅಲ್ವಾ.

ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ, ಜಾಗ ಇದೆ. ಆ ರಾಜ ಯೇಸುವೇ ಅಂತ ನಾನು ಮನಸಾರೆ ನಂಬುತ್ತೇನೆ, ಅದನ್ನು ಮುಚ್ಚಿಡುವುದಿಲ್ಲ. ಅದೇ ಯೇಸು, ‘ಸ್ವಾಮೀ, ಸ್ವಾಮೀ’ ಅನ್ನುವವರೆಲ್ಲಾ ಒಳಗೆ ಬರುವುದಿಲ್ಲ ಅಂದಿದ್ದಾರೆ. ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣದಿಂದ ಜನ ಬಂದು ದೇವರ ರಾಜ್ಯದ ಊಟಕ್ಕೆ ಕೂರುತ್ತಾರೆ ಅಂದಿದ್ದಾರೆ. ಮತ್ತಾಯನ 25ನೇ ಅಧ್ಯಾಯದಲ್ಲಿ ರಾಜ್ಯ ಸಿಗುವುದು ಹಸಿದವರಿಗೆ ಅನ್ನ ಕೊಟ್ಟವರಿಗೆ. ನಾವು ನಿಮಗೆ ಯಾವಾಗ ಕೊಟ್ಟೆವು ಅಂತ ಅವರೇ ರಾಜನನ್ನು ಆಶ್ಚರ್ಯದಿಂದ ಕೇಳುತ್ತಾರೆ. ನಮ್ಮ ಕಥೋಲಿಕ ಧರ್ಮಸಭೆಯೂ 1964ರಲ್ಲಿ, ಜಗತ್ತಿನ ಬಿಷಪ್ಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ, ತಮ್ಮದಲ್ಲದ ಕಾರಣಕ್ಕೆ ಕ್ರಿಸ್ತನನ್ನು ಅರಿಯದೆ, ಪ್ರಾಮಾಣಿಕವಾಗಿ ದೇವರನ್ನು ಹುಡುಕುತ್ತಾ ಮನಸ್ಸಾಕ್ಷಿಯಂತೆ ನಡೆಯುವವರಿಗೂ ರಕ್ಷಣೆ ಸಿಗಬಹುದು ಅಂತ ಬರೆದಿಟ್ಟಿದೆ.

ಓದುವುದಾದರೆ ಮತ್ತಾಯನ 18ರಿಂದ ಶುರು ಮಾಡಿ, ಆಮೇಲೆ 25. 13ನೇ ಅಧ್ಯಾಯವನ್ನು ಎಲ್ಲರೂ ಬಿತ್ತುವವನ ಕಥೆಯಿಂದ ಓದುತ್ತಾರೆ. ನೀವು 47ನೇ ವಚನದ ಬಲೆಯಿಂದ ಓದಿ ನೋಡಿ, ಅಲ್ಲಿ ಏನಾದರೂ ತೊಡಕಾದರೆ ಇಲ್ಲೇ ಕೇಳಿ.