ಜಾಯಿಂಟಾ, ಕಂಬೈನ್ಡಾ?

ಪ್ರಶ್ನೆ: ಜಾಯಿಂಟ್, ಕಂಬೈನ್ಡ್, ಅಟ್ಯಾಚ್ಡ್, ಅಡಿಷನಲ್, ಡಿಕ್ಷನರಿ ತೆಗೆದ್ರೆ ಎಲ್ಲದಕ್ಕೂ ಸುತ್ತಿ ಬಳಸಿ "ಸೇರಿದ" ಅಂತಾನೇ ಇರುತ್ತೆ. ಎರಡು ಬ್ಯಾಗಿನ ಒಟ್ಟು ತೂಕಕ್ಕೆ ರಿಪೋರ್ಟ್‌ನಲ್ಲಿ "ಜಾಯಿಂಟ್ ವೆಯ್ಟ್" ಅಂತ ಬರೆದೆ, ಮ್ಯಾನೇಜರ್ ಹೊಡೆದು ಹಾಕಿದ್ರು. ಯಾಕೆ ಸರ್?

ಉತ್ತರ: ನಮ್ಮ "ಸೇರು" ಬಹಳ ದೊಡ್ಡ ಮನಸ್ಸಿನ ಪದ, ನೀರಿಗೆ ಸಕ್ಕರೆ ಸೇರುತ್ತೆ, ಗುಂಪಿಗೆ ಜನ ಸೇರ್ತಾರೆ, ಲೆಕ್ಕಕ್ಕೆ ದುಡ್ಡೂ ಸೇರುತ್ತೆ. ಇಂಗ್ಲಿಷಲ್ಲಿ ಹಾಗಲ್ಲ, ಹೇಗೆ ಸೇರಿದ್ದು ಅನ್ನೋದರ ಮೇಲೆ ಪದಾನೇ ಬದಲಾಗುತ್ತೆ.

ಜಾಯಿಂಟ್ ಅಂದ್ರೆ ವಸ್ತು ಒಂದೇ, ಅದಕ್ಕೆ ಹಕ್ಕುದಾರರೋ ಮಾಡಿದವರೋ ಒಬ್ಬರಿಗಿಂತ ಹೆಚ್ಚು. ಜಾಯಿಂಟ್ ಅಕೌಂಟ್, ಇಬ್ಬರೂ ಸೇರಿ ಹೊರಡಿಸಿದ ಜಾಯಿಂಟ್ ಸ್ಟೇಟ್‌ಮೆಂಟ್, ಹೀಗೆ. (ನಮ್ಮ ಸಂಯುಕ್ತ, ಯೋಗ ಪದಗಳಲ್ಲಿರೋ "ಯುಜ್" ಧಾತು, ಜಾಯಿಂಟ್ ಹಿಂದಿರೋ ಲ್ಯಾಟಿನ್ ಧಾತು, ಎರಡೂ ಒಂದೇ ಬೇರಿನವು, ನನಗಂತೂ ಇದು ತುಂಬಾ ಇಷ್ಟ.) ಕಂಬೈನ್ಡ್‌ನಲ್ಲಿ ಬೇರೆಬೇರೆ ಇರೋದನ್ನ ನಾವು ಕೂಡಿಸ್ತೀವಿ. ಒಂದು ಬ್ಯಾಗು 12 ಕೆಜಿ ಇನ್ನೊಂದು 15 ಕೆಜಿ ಇದ್ರೆ 27 ಕೆಜಿ ಕಂಬೈನ್ಡ್ ವೆಯ್ಟ್, ಒಂದೇ ತೂಕಾನ ಎರಡು ಬ್ಯಾಗು ಹಂಚ್ಕೊಂಡಿಲ್ವಲ್ಲ, ಅದಕ್ಕೇ ಜಾಯಿಂಟ್ ಅಲ್ಲಿ ಕೂರಲ್ಲ.

ಅಟ್ಯಾಚ್ಡ್‌ನಲ್ಲಿ ಸಾಮಾನ್ಯವಾಗಿ ಒಂದು ಮುಖ್ಯ, ಇನ್ನೊಂದು ಅದಕ್ಕೆ ಅಂಟಿಕೊಂಡಿರೋದು, ಮೇಲ್‌ಗೆ ಫೈಲ್ ಇದ್ದಹಾಗೆ. ಅಲ್ಲಿ "ಅಟ್ಯಾಚ್ಡ್ ಟು" ಅಂತ ಬರೀರಿ, "ವಿತ್" ಬೇಡ, ತುಂಬಾ ಜನ ಎಡವೋದು ಇಲ್ಲೇ. ಅಡಿಷನಲ್‌ಗೆ ಮೊದಲೇ ಏನಾದ್ರೂ ಇರಬೇಕು, ಒಂದು ಕುರ್ಚಿನೂ ಇಲ್ಲದ ರೂಮಿಗೆ "ಎರಡು ಅಡಿಷನಲ್ ಚೇರ್ ಬೇಕು" ಅಂದ್ರೆ ಓದೋರು ಮೊದಲಿನ ಕುರ್ಚಿ ಎಲ್ಲಿ ಅಂತ ಹುಡುಕ್ತಾರೆ.

ರಿಪೋರ್ಟ್ ಬರೆಯೋರಿಗೆ ಇನ್ನೊಂದು ಪದ ಬೇಕೇ ಬೇಕು, ಕ್ಯುಮ್ಯುಲೇಟಿವ್. ಲ್ಯಾಟಿನ್‌ನಲ್ಲಿ ಕ್ಯುಮ್ಯುಲಸ್ ಅಂದ್ರೆ ರಾಶಿ, ರಾಶಿ ಹಾಕಿದಂಗೆ ಕಾಣೋ ಮೋಡಕ್ಕೂ ಅದೇ ಹೆಸರು. ಒಂದೊಂದಾಗಿ ಮೇಲೆ ಬೀಳ್ತಾ ಬೆಳೆಯೋ ಮೊತ್ತ ಇದು: ಮೂರು ತಿಂಗಳಲ್ಲಿ 5, 8, 4 ಆರ್ಡರ್ ಬಂದ್ರೆ ಕ್ಯುಮ್ಯುಲೇಟಿವ್ ಲೆಕ್ಕ 5, 13, 17. ಬರೀ ಕೊನೆಯ 17 ಬೇಕಿದ್ರೆ ಟೋಟಲ್ ಸಾಕು.

ಈಗ ನಿಮ್ಮ ವಾಕ್ಯ ಹೀಗೆ ತಿದ್ದಿ: "ದ ಕಂಬೈನ್ಡ್ ವೆಯ್ಟ್ ಆಫ್ ದ ಟೂ ಬ್ಯಾಗ್ಸ್ ಈಸ್ 27 ಕೆಜಿ."