ಎರಡನೇ ಲೋಟದ ಕಾಫಿ

ಹನುಮಂತನಗರದಿಂದ ಒಬ್ಬ ಓದುಗರು ಬರೆದಿದ್ದಾರೆ: ‘ಅಪ್ಪ ಹೋಗಿ ಎಂಟು ತಿಂಗಳಾಯಿತು. ಅಮ್ಮ ಈಗಲೂ ಸಂಜೆ ಎರಡು ಲೋಟ ಕಾಫಿ ಮಾಡುತ್ತಾರೆ. ಒಂದನ್ನು ಅಪ್ಪನ ಕುರ್ಚಿಯ ಪಕ್ಕ ಇಟ್ಟು ಅಳುತ್ತಾರೆ. ನೋಡಲಾರದೆ ನಾನು ಆ ಲೋಟವನ್ನೇ ಎತ್ತಿಟ್ಟೆ. ಡಾಕ್ಟರು ಹತ್ತು ನಿಮಿಷ ಮಾತಾಡಿಸಿ, ದೀರ್ಘಕಾಲದ ದುಃಖದ ಕಾಯಿಲೆ ಅಂತ ಚೀಟಿಯಲ್ಲಿ ಬರೆದರು. ಇದು ನಿಜವಾಗಲೂ ಕಾಯಿಲೆನಾ?’

ಪ್ರಿಯ ಸಹೋದರಿ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಆ ಹೆಸರು ಡಾಕ್ಟರು ಕಟ್ಟಿದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿದೆ. ಈ ಹೆಸರಿರುವ ಪಟ್ಟಿಯ ಹೊಸ ಆವೃತ್ತಿ 2022ರಲ್ಲಿ ಜಾರಿಗೆ ಬಂತು. ಅದರ ಲೆಕ್ಕದಲ್ಲಿ ಸಾವಾಗಿ ಕನಿಷ್ಠ ಆರು ತಿಂಗಳು ದಾಟಿರಬೇಕು. ಅದೇ ವರ್ಷ ಅಮೆರಿಕದ ಮನೋವೈದ್ಯರ ಸಂಘವೂ ತನ್ನ ಮನೋರೋಗಗಳ ಕೈಪಿಡಿಗೆ ಈ ಹೆಸರು ಸೇರಿಸಿತು. ಅವರದು ದೊಡ್ಡವರಿಗೆ ಹನ್ನೆರಡು ತಿಂಗಳು. ನಿಮ್ಮ ಅಮ್ಮನಿಗೆ ಎಂಟು. ಒಂದು ಪುಸ್ತಕ ಈಗಲೇ ಕಾಯಿಲೆ ಎನ್ನಬಹುದು, ಇನ್ನೊಂದು ಎನ್ನುವಂತಿಲ್ಲ. ಅಳು ಮಾತ್ರ ಅದೇ ಅಳು, ಅಲ್ವಾ?

ಅಮೆರಿಕದ ಕೈಪಿಡಿ 1994ರಲ್ಲಿ, ಸಾವಾಗಿ ಎರಡು ತಿಂಗಳೊಳಗಿನ ದುಃಖವನ್ನು ಸಾಮಾನ್ಯವಾಗಿ ಖಿನ್ನತೆ ಅನ್ನಬೇಡಿ ಎಂದಿತ್ತು. 2013ರಲ್ಲಿ ಆ ರಿಯಾಯಿತಿಯನ್ನೇ ತೆಗೆದರು. ಲಕ್ಷಣಗಳು ಕೂಡಿದರೆ ಎರಡೇ ವಾರಕ್ಕೆ ಖಿನ್ನತೆ ಎಂದು ಬರೆಯಬಹುದು. ಎರಡು ವಾರ! ನಮ್ಮಲ್ಲಿ ವೈಕುಂಠ ಸಮಾರಾಧನೆಯ ಪಾತ್ರೆಗಳೂ ಆಗ ಹಿಂದಿರುಗಿರುವುದಿಲ್ಲ.

ಇಂಥ ಪಟ್ಟಿಗಳೇ ಬೇಡ ಎನ್ನುತ್ತಿಲ್ಲ. ಒಂದು ಕಾಲದಲ್ಲಿ ನ್ಯೂಯಾರ್ಕಿನ ಡಾಕ್ಟರುಗಳು ಲಂಡನ್ನಿನವರಿಗಿಂತ ತುಂಬ ಜಾಸ್ತಿ ಜನಕ್ಕೆ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗದ ಹೆಸರು ಬರೆಯುತ್ತಿದ್ದರು. ಎಲ್ಲ ಊರಿನ ಡಾಕ್ಟರುಗಳಿಗೂ ಒಂದೇ ಅಳತೆ ಬೇಕಿತ್ತು. ಅಮ್ಮ ಊಟ ಬಿಟ್ಟಿದ್ದರೆ, ಬದುಕು ಬೇಡ ಎನ್ನುತ್ತಿದ್ದರೆ, ಒಂದು ದಿನವೂ ಕಾಯದೆ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಆದರೆ ಆ ಎರಡೂ ಪುಸ್ತಕಗಳಲ್ಲಿ ಇನ್ನೊಂದು ಮಾತಿದೆ. ದುಃಖವು ಆ ಮನುಷ್ಯರ ಸಮಾಜ, ಸಂಸ್ಕೃತಿ, ಧರ್ಮದ ರೂಢಿಯನ್ನು ಮೀರಿರಬೇಕು. ಹಾಗಾದರೆ ನಿಮ್ಮ ಮನೆಯ ರೂಢಿ ಏನು ಅಂತ ಡಾಕ್ಟರು ಕೇಳಿದರಾ? ಎಷ್ಟೋ ಮನೆಗಳಲ್ಲಿ ತಿಂಗಳು ತಿಂಗಳೂ ಮಾಸಿಕ, ವರ್ಷ ತುಂಬಿದಾಗ ವರ್ಷಾಬ್ದಿಕ. ಅಲ್ಲಿಯವರೆಗೆ ಹಬ್ಬವಿಲ್ಲ. ನಮ್ಮ ಹಿರಿಯರು ದುಃಖಕ್ಕೆ ಒಂದು ವರ್ಷ ಜಾಗ ಬಿಟ್ಟಿದ್ದರು. ಹತ್ತು ನಿಮಿಷದಲ್ಲಿ ಇದನ್ನೆಲ್ಲ ಯಾರು ಕೇಳುತ್ತಾರೆ?

ನಮ್ಮಜ್ಜಿ ಅಜ್ಜನ ಕೊಡೆಯನ್ನು ಬಾಗಿಲ ಹಿಂದಿನ ಮೊಳೆಯಿಂದ ಕೊನೆಯವರೆಗೂ ತೆಗೆಯಲಿಲ್ಲ. ಮಳೆ ಬಂದರೆ ಅದನ್ನೊಮ್ಮೆ ಮುಟ್ಟುತ್ತಿದ್ದರು. ಬಸರಾಳಿನ ಆ ಓಣಿಯಲ್ಲಿ ಯಾರೂ ಅದಕ್ಕೊಂದು ಹೆಸರು ಕೊಡಲಿಲ್ಲ. ಪಕ್ಕದ ಮನೆಯವರು ಸಂಜೆ ಬಂದು ಸುಮ್ನೆ ಜಗಲಿಯ ಮೇಲೆ ಕೂತಿರುತ್ತಿದ್ದರು.

ಈ ಬೆಂಗಳೂರಿನಲ್ಲಿ ಆ ಜಗಲಿ ಎಲ್ಲಿದೆ? ಮೂರು ದಿನ ರಜೆ ಸಿಕ್ಕರೆ ಪುಣ್ಯ. ವಾಟ್ಸಾಪಿನಲ್ಲಿ ಓಂ ಶಾಂತಿ. ಎದುರು ಫ್ಲಾಟಿನವರಿಗೆ ಸಾವಿನ ಸುದ್ದಿಯೇ ಗೊತ್ತಿರುವುದಿಲ್ಲ. ಜೊತೆಗೆ ಕೂರುವವರಿಲ್ಲದ ಊರಿನಲ್ಲಿ ಅಳುವವರನ್ನು ನೇರ ಕ್ಲಿನಿಕ್ಕಿಗೆ ಕಳಿಸುತ್ತೇವೆ. ನನಗೆ ಹೊಟ್ಟೆ ಉರಿಯುವುದು ಇಲ್ಲಿ.

ನಿಮ್ಮ ಮೇಲೂ ಒಂದು ಬೇಜಾರಿದೆ, ತಪ್ಪು ತಿಳಿಯಬೇಡಿ. ಆ ಲೋಟ ಎತ್ತಿಟ್ಟಿರಲ್ಲ, ಅದು ಸರಿಯಾಗಲಿಲ್ಲ. ವಾಪಸ್ ಇಡಿ. ಇವತ್ತು ಸಂಜೆ ಅಮ್ಮನ ಪಕ್ಕ ಕೂತು, ಅಪ್ಪನಿಗೆ ಸಕ್ಕರೆ ಎಷ್ಟು ಬೇಕಿತ್ತು ಅಂತ ಕೇಳಿ. ಆಮೇಲೆ ಆ ಎರಡನೇ ಲೋಟದ ಕಾಫಿ ನೀವೇ ಕುಡಿಯಿರಿ.

– ಸಂ.